ಫೋನಲ್ಲಿ ವಾಯ್ಸ್‌ಮೇಲ್ ಕೇಳುತ್ತೆ, ಕಂಪ್ಯೂಟರಲ್ಲಿ ಪೇಜೇ ತೆರೆಯಲ್ಲ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಪಂಪ್‌ಸೆಟ್ ಸರ್ವಿಸ್ ಆಫೀಸ್. ರಾತ್ರಿ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಮೋಟಾರ್ ಕೈಕೊಟ್ಟರೆ ರೈತರು ಆಫೀಸಿನ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ ವಾಯ್ಸ್‌ಮೇಲ್‌ನಲ್ಲಿ ಹೇಳಿಟ್ಟಿರುತ್ತಾರೆ. ಬೆಳಿಗ್ಗೆ ಅದನ್ನು ಕಂಪ್ಯೂಟರಲ್ಲಿ ಕೇಳಿ ಮೆಕ್ಯಾನಿಕ್‌ಗಳನ್ನು ಕಳಿಸುತ್ತೇವೆ. ಹೋದ ವಾರ ಹೊಸ ಫೈಬರ್ ಕನೆಕ್ಷನ್ ಹಾಕಿಸಿದೆವು, ಹಳೇ ರೂಟರ್ ತೆಗೆದು ಹೊಸದು ಇಟ್ಟು ಹೋದರು. ಅಂದಿನಿಂದ ವಾಯ್ಸ್‌ಮೇಲ್ ಪೇಜ್ ತೆರೆಯುತ್ತಿಲ್ಲ, ಈಮೇಲ್‌ಗೂ ಬರುತ್ತಿಲ್ಲ. ಟೇಬಲ್ ಫೋನಲ್ಲಿ *97 ಒತ್ತಿದರೆ ಮಾತ್ರ ಕೇಳುತ್ತೆ. ಫ್ರೀಪಿಬಿಎಕ್ಸ್ (ಆಫೀಸಿನ ಫೋನು, ವಾಯ್ಸ್‌ಮೇಲ್ ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕಿರುವ ಹಳೇ ಸಿಪಿಯು ಅದು, ಮೇಲೆ 192.168.1.50 ಅಂತ ಚೀಟಿ ಅಂಟಿಸಿದೆ. ಹಾಕಿಕೊಟ್ಟವರು ಈಗ ಸಿಗುತ್ತಿಲ್ಲ. ಪರಿಚಯದವರೊಬ್ಬರು ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ ಅಂತಿದ್ದಾರೆ. ಮಾಡಿಸಲಾ?

ಉತ್ತರ: ಬೇಡ. ದಯವಿಟ್ಟು ಮಾಡಿಸಬೇಡಿ. ನಿಮ್ಮ ಸಿಪಿಯು ಚೆನ್ನಾಗಿದೆ, ಅದಕ್ಕೆ ಹೋಗುವ ದಾರಿ ಮಾತ್ರ ತಪ್ಪಿದೆ.

*97 ಒತ್ತಿದರೆ ಕೇಳುತ್ತೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ನಿಮ್ಮ ಟೇಬಲ್ ಫೋನುಗಳು ಸಾದಾ ಫೋನುಗಳು ಅಂದುಕೊಳ್ಳುತ್ತೇನೆ. ಅವುಗಳ ವೈರು ಸಿಪಿಯು ಒಳಗಿನ ಕಾರ್ಡಿಗೆ ನೇರವಾಗಿ ಹೋಗುತ್ತೆ, ರೂಟರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ಯಂತ್ರ ಓಡುತ್ತಿದೆ, ಡಿಸ್ಕ್ ಸರಿಯಿದೆ, ಸಂದೇಶಗಳೂ ಇವೆ. ಒಂದೊಂದು ಸಂದೇಶವೂ ಡಿಸ್ಕಿನಲ್ಲಿ ಒಂದು ಆಡಿಯೋ ಫೈಲಾಗಿ ಕೂತಿರುತ್ತೆ, ಪಕ್ಕದಲ್ಲೇ ಯಾವ ನಂಬರಿಂದ ಎಷ್ಟು ಹೊತ್ತಿಗೆ ಬಂತು ಅನ್ನುವ ಪುಟ್ಟ ಟೆಕ್ಸ್ಟ್ ಫೈಲು. ಫಾರ್ಮ್ಯಾಟ್ ಮಾಡಿದರೆ ಇವೆಲ್ಲ ಹೋಗುತ್ತವೆ, ಜೊತೆಗೆ ಯಾವ ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ಫೋನ್ ನಂಬರ್) ಎಲ್ಲಿಗೆ ಅನ್ನುವ ಸೆಟ್ಟಿಂಗೂ ಹೋಗುತ್ತೆ. ಅದನ್ನು ಮತ್ತೆ ಕೂಡಿಸೋಕೆ ದಿನಗಟ್ಟಲೆ ಬೇಕು.

ಮೊದಲು ಒಂದು ಅರ್ಜೆಂಟ್ ಕೆಲಸ. ಯಾರೂ ಬದಲಾಯಿಸಿಲ್ಲ ಅಂದರೆ ಈ ಸಿಸ್ಟಮ್‌ನಲ್ಲಿ ಒಂದು ಫೋಲ್ಡರಿಗೆ 100 ಸಂದೇಶ ಮಾತ್ರ ಹಿಡಿಸುತ್ತೆ. ಅದು ತುಂಬಿದರೆ ರಾತ್ರಿ ಫೋನ್ ಮಾಡಿದ ರೈತರಿಗೆ ಹೇಳಿಡೋಕೆ ಜಾಗವೇ ಇರಲ್ಲ. ಹಾಗಾಗಿ ಇವತ್ತೇ *97ಗೆ ಹೋಗಿ, ಒಂದೊಂದನ್ನೂ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಬರೆದಾದದ್ದನ್ನು ಮಾತ್ರ 7 ಒತ್ತಿ ಅಳಿಸಿ. ಬೇಜಾರಿನ ಕೆಲಸ ನಿಜ, ಆದರೆ ಆ ಕಡೆ ಒಬ್ಬರು ಗದ್ದೆಗೆ ನೀರಿಲ್ಲದೆ ಕಾಯುತ್ತಿರುತ್ತಾರೆ ಅಲ್ವಾ.

ಈಗ ಆಗಿರೋದೇನು ಅಂತ ನೋಡೋಣ. ಹಳೇ ರೂಟರ್ 192.168.1 ಅನ್ನುವ ಸಾಲಿನಲ್ಲಿ ಕಂಪ್ಯೂಟರುಗಳಿಗೆ ನಂಬರ್, ಅಂದರೆ ಐಪಿ, ಹಂಚುತ್ತಿತ್ತು. ವಾಯ್ಸ್‌ಮೇಲ್ ಸಿಪಿಯುಗೆ ಆ ಸಾಲಿನ 50ನೇ ನಂಬರನ್ನು ಯಾರೋ ಕೈಯಾರೆ ಖಾಯಂ ಮಾಡಿಟ್ಟಿದ್ದಾರೆ. ಹೊಸ ರೂಟರ್ ಬೇರೆ ಸಾಲು ಹಿಡಿದಿರಬೇಕು, 192.168.0 ಅಥವಾ 192.168.100 ಹೀಗೆ ಏನೋ ಒಂದು. ಕಂಪ್ಯೂಟರುಗಳೆಲ್ಲ ಸುಮ್ನೆ ಹೊಸ ಸಾಲಿಗೆ ಹೋದವು, ಇಂಟರ್ನೆಟ್ ಬಂತು, ಎಲ್ಲ ಸರಿಯಾಯ್ತು ಅಂತ ಅನ್ನಿಸಿತು. ಸಿಪಿಯು ಮಾತ್ರ ಹಳೇ ಸಾಲಿನಲ್ಲೇ ಉಳೀತು. ಒಂದೇ ನೆಟ್‌ವರ್ಕ್ ಸ್ವಿಚ್‌ಗೆ (ಕಂಪ್ಯೂಟರುಗಳ ವೈರನ್ನೆಲ್ಲ ಕೂಡಿಸುವ ಪೆಟ್ಟಿಗೆ) ಎರಡರ ವೈರೂ ಚುಚ್ಚಿದ್ದರೂ ಒಂದಕ್ಕೊಂದು ಕಾಣಲ್ಲ.

ಇದು ಹೌದಾ ಅಂತ ತಿಳಿಯೋಕೆ ಎರಡು ನಿಮಿಷ ಸಾಕು. ವಿಂಡೋಸ್ ಕಂಪ್ಯೂಟರಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಐಪಿಯ ಮೊದಲ ಮೂರು ಭಾಗ 192.168.1 ಅಲ್ಲದಿದ್ದರೆ ನಾನು ಹೇಳಿದ್ದೇ ಸರಿ.

ಸದ್ಯಕ್ಕೆ ಸಿಪಿಯು ಹತ್ತಿರ ಏನನ್ನೂ ಮುಟ್ಟಬೇಡಿ. ಒಂದು ಲ್ಯಾಪ್‌ಟಾಪನ್ನೇ ಹಳೇ ಸಾಲಿಗೆ ಕರೆದುಕೊಂಡು ಹೋಗಿ. ಅದರ ವೈಫೈ ಆಫ್ ಮಾಡಿ, ಅದೇ ಸ್ವಿಚ್‌ಗೆ ವೈರ್ ಹಾಕಿ, ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಐಪಿ 192.168.1.60, ಮಾಸ್ಕ್ 255.255.255.0 ಅಂತ ಕೊಡಿ, ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೂಟರಿನ ಐಪಿ) ಖಾಲಿ ಬಿಡಿ. ಈಗ ಬ್ರೌಸರ್‌ನಲ್ಲಿ 192.168.1.50 ಹೊಡೆದರೆ ಪೇಜ್ ಬರಬೇಕು. ಬಂದ ತಕ್ಷಣ ಮಾಡಬೇಕಾದ ಕೆಲಸ ಬ್ಯಾಕಪ್. ಬ್ಯಾಕಪ್ ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿಕೊಳ್ಳಿ.

ಆಮೇಲೆ ಸರಿಪಡಿಸೋದು. ಸಿಪಿಯುವಿನ ಐಪಿ ಬದಲಾಯಿಸಿದರೆ ಗೇಟ್‌ವೇ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಎಲ್ಲ ಬದಲಾಯಿಸಬೇಕು, ಒಂದು ಮರೆತರೂ ಪೇಜ್ ಬರುತ್ತೆ ಈಮೇಲ್ ಬರಲ್ಲ. ಅದಕ್ಕಿಂತ ಹೊಸ ರೂಟರಿನ ಲ್ಯಾನ್ ಐಪಿಯನ್ನೇ (ಆಫೀಸಿನ ಒಳಗಡೆಯ ಐಪಿ) ಹಳೇ ರೂಟರಿನ ಐಪಿಗೆ, ಸಾಮಾನ್ಯವಾಗಿ 192.168.1.1ಕ್ಕೆ, ತಿರುಗಿಸೋದು ವಾಸಿ. ಸಿಪಿಯು ತನ್ನ ಹಳೇ ರೂಟರೇ ಬಂತು ಅಂದುಕೊಳ್ಳುತ್ತೆ, ಪೇಜು ಈಮೇಲು ಎರಡೂ ಒಟ್ಟಿಗೆ ಸರಿಹೋಗುತ್ತವೆ. ರೂಟರ್ ತಾನಾಗಿ ಹಂಚುವ ನಂಬರುಗಳು 100ರಿಂದ 200ರ ಒಳಗಿರಲಿ. 50 ಬೇರೆ ಯಾರಿಗೂ ಹೋಗಬಾರದು. ಇದನ್ನು ಆಫೀಸ್ ಮುಚ್ಚಿದ ಮೇಲೆ ಮಾಡಿ, ಎಲ್ಲ ಕಂಪ್ಯೂಟರೂ ಒಮ್ಮೆ ಕನೆಕ್ಷನ್ ಕಳಕೊಂಡು ಮತ್ತೆ ಹಿಡಿಯುತ್ತವೆ. ಲ್ಯಾಪ್‌ಟಾಪನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕೋದು ಮರೀಬೇಡಿ.

50ನೇ ನಂಬರ್ ಬೇರೆಯವರಿಗೆ ಹೋಗಬಾರದು ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಂದು ಆಫೀಸಿನಲ್ಲಿ ನಾನು ಅರ್ಧ ದಿನ ಇದರಲ್ಲೇ ಕಳೆದಿದ್ದೇನೆ. ಪಿಂಗ್ (ಆ ಐಪಿಯಲ್ಲಿ ಯಂತ್ರ ಇದೆಯಾ ಅಂತ ಕೇಳುವ ಕಮಾಂಡ್) ಮಾಡಿದರೆ ಉತ್ತರ ಬರುತ್ತಿತ್ತು, ಪೇಜ್ ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಪಿಂಗ್ ಓಡುತ್ತಿರುವಾಗಲೇ ವಾಯ್ಸ್‌ಮೇಲ್ ಯಂತ್ರದ ನೆಟ್‌ವರ್ಕ್ ಕೇಬಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಆಗಲೂ ಉತ್ತರ ಬರುತ್ತಲೇ ಇತ್ತು! ಅದೇ ನಂಬರಿನಲ್ಲಿ ಸಿಸಿಟಿವಿಯ ಡಿವಿಆರ್ ಕೂತಿತ್ತು. ನಿಮ್ಮಲ್ಲೂ ಲ್ಯಾಪ್‌ಟಾಪ್ ಪರೀಕ್ಷೆಯಲ್ಲಿ ಪೇಜ್ ಬರಲಿಲ್ಲ, ಪಿಂಗ್ ಮಾತ್ರ ಬರುತ್ತೆ ಅಂದರೆ ಹೀಗೇ ಕೇಬಲ್ ಕಿತ್ತು ನೋಡಿ. ಕಿತ್ತಾಗ ಪಿಂಗ್ ನಿಂತರೆ ನಂಬರ್ ಸರಿಯಿದೆ, ಆಗ ಬ್ರೌಸರ್ ಮೇಲೆ ಅನುಮಾನ ಪಡಬೇಕು. ತೀರಾ ಹಳೇ ಸಿಸ್ಟಮ್‌ಗಳ ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಸಾಗುವ ಸುರಕ್ಷಿತ) ಪೇಜನ್ನು 2020ರ ಈಚಿನ ಬ್ರೌಸರುಗಳು ತೆರೆಯಲು ಒಪ್ಪಲ್ಲ. ಇನ್ನೊಂದು, ತಪ್ಪು ಪಾಸ್‌ವರ್ಡ್ ನಾಲ್ಕೈದು ಸಲ ಹೊಡೆದಿದ್ದರೆ ಫೇಲ್‌ಟುಬ್ಯಾನ್ ಅನ್ನುವ ಕಾವಲು ಪ್ರೋಗ್ರಾಂ ಆ ಕಂಪ್ಯೂಟರನ್ನೇ ಸ್ವಲ್ಪ ಹೊತ್ತು ಹೊರಗಿಡುತ್ತೆ. ಬೇರೆ ಕಂಪ್ಯೂಟರಿಂದ ತೆರೆದರೆ ಇದು ಗೊತ್ತಾಗುತ್ತೆ. ಪಿಂಗೂ ಬರಲಿಲ್ಲ ಅಂದರೆ ನೆಟ್‌ವರ್ಕ್ ಪಾಯಿಂಟ್ ಹತ್ತಿರ ಪುಟ್ಟ ಲೈಟ್ ಹತ್ತಿದೆಯಾ ನೋಡಿ, ರೂಟರ್ ಬದಲಾಯಿಸುವಾಗ ವೈರ್ ಸಡಿಲ ಆಗಿರಬಹುದು.

ಮನೆಯಿಂದಲೂ ಕೇಳೋಣ ಅಂತ ಯಾರಾದರೂ ರೂಟರಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಇಂಟರ್ನೆಟ್‌ನಿಂದ ಸಿಪಿಯುಗೆ ನೇರ ಬಾಗಿಲು) ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಇಂಥ ಯಂತ್ರಗಳನ್ನು ಹುಡುಕಿ ಒಳನುಗ್ಗಿ ನಿಮ್ಮ ಲೈನಿಂದ ವಿದೇಶಕ್ಕೆ ಕರೆ ಮಾಡುವವರಿದ್ದಾರೆ, ಬಿಲ್ಲು ನಿಮ್ಮ ತಲೆಗೆ ಬರುತ್ತೆ. ಬೇಕೇ ಬೇಕಾದರೆ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಹೊರಗಿನಿಂದ ಬರುವ ಸುರಕ್ಷಿತ ದಾರಿ) ಹಾಕಿಸಿ.

ದಾರಿ ಸರಿಯಾದ ಮೇಲೆ ಹಳೇ ಈಮೇಲುಗಳು ಒಟ್ಟಿಗೆ ಬಂದು ಬೀಳಬಹುದು. ಸಿಪಿಯು ಒಳಗಿನ ಅಂಚೆ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ಆಗಿದ್ದರೆ ಅದು ಹೋಗದ ಈಮೇಲನ್ನು ಸಾಮಾನ್ಯವಾಗಿ 5 ದಿನ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಮೆಕ್ಯಾನಿಕ್‌ನ ಕಳಿಸೋ ಮುಂಚೆ ಸಂದೇಶದ ತಾರೀಖು ನೋಡಿ, ನಿಮ್ಮ ಪುಸ್ತಕದಲ್ಲಿ ಬರೆದದ್ದರ ಜೊತೆ ತಾಳೆ ಹಾಕಿ. 5 ದಿನಕ್ಕಿಂತ ಹಿಂದಿನವು ಈಮೇಲಲ್ಲಿ ಬರೋದಿಲ್ಲ, ನೀವು 7 ಒತ್ತಿ ಅಳಿಸದೇ ಇದ್ದರೆ ಅವು ವಾಯ್ಸ್‌ಮೇಲ್ ಪೇಜಿನಲ್ಲೇ ಸಿಗುತ್ತವೆ.