ಮನೆಯ ಒತ್ತಡದಿಂದ ಸರ್ಕಾರಿ ನೌಕರರ ಕೆಲಸ ಕೆಡುತ್ತದೆಯೇ?

ಹೌದು, ಕೆಡುತ್ತದೆ. ಸೋಮಾರಿತನದಿಂದಲ್ಲ, ಗಮನ ಕೊಡುವ ಶಕ್ತಿಯೇ ಖಾಲಿಯಾಗುವುದರಿಂದ.

1985ರಲ್ಲಿ ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು ಇದನ್ನು ಬಿಡಿಸಿ ಹೇಳಿದ್ದರು: ಮನೆ ಮತ್ತು ಕೆಲಸದ ನಡುವಿನ ಈ ಜಗ್ಗಾಟ ಬರೀ ಸಮಯದ್ದಲ್ಲ, ಒಂದು ಕಡೆಯ ದಣಿವು ಇನ್ನೊಂದು ಕಡೆಗೂ ಹರಿಯುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯ ಯಾವುದೋ ವಿಲೇಜ್ ಆಫೀಸ್ ನೆನೆಸಿಕೊಳ್ಳಿ. ರಾತ್ರಿಯಿಡೀ ಜ್ವರದ ಮಗುವಿನ ಪಕ್ಕ ಎದ್ದು ಕೂತಿದ್ದ ಕ್ಲಾರ್ಕ್ ಬೆಳಿಗ್ಗೆ ಹತ್ತಕ್ಕೆ ಹಾಜರಾಗಿರುತ್ತಾರೆ, ಆದರೆ ಈ ಪ್ರದೇಶ 1956ರಲ್ಲಿ ಕೇರಳಕ್ಕೆ ಸೇರುವ ಮುಂಚಿನ, ಕನ್ನಡದಲ್ಲಿರುವ ಜಾಗದ ದಾಖಲೆ ಓದಿ ಅದನ್ನು ಮಲಯಾಳದ ಕಡತಕ್ಕೆ ತಪ್ಪಿಲ್ಲದೆ ಸೇರಿಸುವಷ್ಟು ಎಚ್ಚರ ಅವರಲ್ಲಿ ಉಳಿದಿರುವುದಿಲ್ಲ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಅಲೆಯುವವರು ನಾವೇ ಅಲ್ವಾ? ಅದನ್ನು ತಿದ್ದಲು ಆ ಕ್ಲಾರ್ಕ್ ಸಂಜೆ ಜಾಸ್ತಿ ಹೊತ್ತು ಉಳಿಯುತ್ತಾರೆ, ಮನೆಯಲ್ಲಿ ಒತ್ತಡ ಇನ್ನಷ್ಟು ಏರುತ್ತದೆ.