ಕೇಳಿ, ಹೇಳ್ತೀವಿ: ರಮ್ಮಿಗೆ ಕೋಲಾ ಒಂದೇ ಗತಿಯಾ?

ಮಳೆ ಶುರುವಾದದ್ದೇ ತಡ, ಮುಂಬೈ, ಪುಣೆ, ಗೋವಾ ಕಡೆಯ ಪತ್ರಗಳಲ್ಲಿ ರಮ್ಮಿನದೇ ಮಾತು. ನಾಲ್ಕನ್ನು ಆರಿಸಿದ್ದೇವೆ.

ನಮ್ಮ ಮನೆಯಲ್ಲಿ ರಮ್ ಅಂದರೆ ಓಲ್ಡ್ ಮಾಂಕ್ ಮತ್ತು ಕೋಲಾ. ಬೇಜಾರಾಗಿದೆ. ಶನಿವಾರ ಸ್ನೇಹಿತರು ಬರುತ್ತಾರೆ. ಶೇಕರ್ ಇಲ್ಲ, ಜಾಸ್ತಿ ಖರ್ಚಿಗೆ ಮನಸ್ಸೂ ಇಲ್ಲ. – ಓದುಗರು, ಡೊಂಬಿವಲಿ

ಪಾಪ, ಓಲ್ಡ್ ಮಾಂಕ್ ಏನು ಮಾಡಿತು? 1954ರಿಂದ ಮಾರಾಟವಾಗುತ್ತಿರುವ ರಮ್ ಅದು. ನಿಮಗೆ ಬೇಜಾರಾಗಿರುವುದು ಕೋಲಾದ ಸಿಹಿ. ಕ್ಯೂಬಾದವರೂ ರಮ್ಮಿಗೆ ಕೋಲಾ ಹಾಕುತ್ತಾರೆ, ಆದರೆ ನಿಂಬೆಹಣ್ಣು ಹಿಂಡುತ್ತಾರೆ. ನಾವು ಅದೊಂದನ್ನೇ ಬಿಟ್ಟುಬಿಟ್ಟೆವು. 50 ಎಂಎಲ್ ರಮ್, 120 ಎಂಎಲ್ ಕೋಲಾ, 10 ಎಂಎಲ್ ನಿಂಬೆರಸ, ಗ್ಲಾಸಿನ ತುಂಬ ಐಸ್. ಮೊದಲು ಇಷ್ಟು ಮಾಡಿ ನೋಡಿ.

ಇನ್ನೊಂದು ವಿಷಯ. ರಮ್ ಹುಟ್ಟುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ, ಹಾಗಾಗಿ ಅದೇ ಸಿಹಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕಾಕಂಬಿಯ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ, ಮಿಕ್ಕ ಸಕ್ಕರೆ ಬಟ್ಟಿ ಇಳಿಸುವಾಗ ಹಂಡೆಯಲ್ಲೇ ಉಳಿಯುತ್ತದೆ. ಕಂಪನಿಯವರು ಆಮೇಲೆ ಸೇರಿಸಿದ್ದರೆ ಅದು ಬೇರೆ ಮಾತು. ಅಂದರೆ ಸಿಹಿ ಎಷ್ಟಿರಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ, ಎಷ್ಟು ಸಿಹಿ ಹಾಕುತ್ತೀರೋ ಅದನ್ನು ಹಿಡಿದು ನಿಲ್ಲಿಸುವಷ್ಟು ಹುಳಿ ಬೇಕು. ಕಾಕ್‌ಟೇಲ್ ಲೆಕ್ಕ ಮುಕ್ಕಾಲು ಭಾಗ ಇಷ್ಟೇ.

ಡೈಕಿರಿ ಅನ್ನುವ ರಮ್ ಕಾಕ್‌ಟೇಲ್ ಮಾಡಿದರೆ ಇದು ನಾಲಿಗೆಗೇ ಗೊತ್ತಾಗುತ್ತದೆ. ಕ್ಯೂಬಾದ ಸಾಂಟಿಯಾಗೊ ಹತ್ತಿರದ ಊರಿನ ಹೆಸರು ಅದಕ್ಕೆ. 60 ಎಂಎಲ್ ಬಿಳಿ ರಮ್, 20 ಎಂಎಲ್ ನಿಂಬೆರಸ, ಎರಡು ಚಿಕ್ಕ ಚಮಚ ಸಕ್ಕರೆ. ಶೇಕರ್ ಯಾಕೆ? ಗಟ್ಟಿ ಮುಚ್ಚಳದ ಸ್ಟೀಲ್ ಬಾಟಲಿ ಸಾಕು. ಸಕ್ಕರೆಯನ್ನು ನಿಂಬೆರಸದಲ್ಲೇ ಕರಗಿಸಿ, ರಮ್ ಹಾಕಿ, ಐಸ್ ತುಂಬಿ, ಬಾಟಲಿ ಹಿಡಿದ ಕೈ ಮರಗಟ್ಟುವವರೆಗೆ ಕುಲುಕಿ ಸೋಸಿ. ಐಸ್‌ಗೆ ಜಿಪುಣತನ ಬೇಡ. ನಾಲ್ಕೇ ತುಂಡು ಹಾಕಿದರೆ ಅವು ಬೇಗ ಕರಗಿ ಎಲ್ಲ ನೀರುನೀರಾಗುತ್ತದೆ.

ಇನ್ನು ಊರಿನ ರುಚಿ. ಮಹಾರಾಷ್ಟ್ರದಲ್ಲಿ ರಸವಂತಿ ಗೃಹಗಳಿಗೆ ಬರವಿಲ್ಲ, ಅಲ್ವಾ? ಐಸ್ ಹಾಕದ ಕಬ್ಬಿನ ಹಾಲು ತನ್ನಿ, ನೂರು ಎಂಎಲ್ಲಿಗೆ 45 ಎಂಎಲ್ ಓಲ್ಡ್ ಮಾಂಕ್, ಅರ್ಧ ನಿಂಬೆಹಣ್ಣು, ಚೂರು ಜಜ್ಜಿದ ಶುಂಠಿ. ಸಕ್ಕರೆ ಮುಟ್ಟಲೇಬೇಡಿ. ಕಬ್ಬಿನ ಹಾಲನ್ನು ಸ್ನೇಹಿತರು ಬಾಗಿಲು ತಟ್ಟುವ ಹೊತ್ತಿಗೆ ತಂದರೆ ಒಳ್ಳೆಯದು, ಬೇಗ ಕಪ್ಪಾಗುತ್ತದೆ. ಕೋಕಂ, ಅದೇ ನಮ್ಮ ಕರಾವಳಿಯವರ ಪುನರ್ಪುಳಿ, ಅದರ ಶರಬತ್ತೂ ಬಿಳಿ ರಮ್ಮಿಗೆ ಚೆನ್ನಾಗಿ ಒಗ್ಗುತ್ತದೆ. 45 ಎಂಎಲ್ ರಮ್, 30 ಎಂಎಲ್ ಸಿಹಿ ಕೋಕಂ ಸಿರಪ್, ಚಿಟಿಕೆ ಕಪ್ಪು ಉಪ್ಪು, ಸೋಡಾ. ನನ್ನ ಓಟು ಇದಕ್ಕೇ. ಬಾಟಲಿ ಕೊಳ್ಳುವಾಗ ನೋಡಿಕೊಳ್ಳಿ, ತೆಂಗಿನಹಾಲು ಬೆರೆಸಿದ ಕೋಕಂ ಪಾನೀಯ ಸೋಲ್‌ಕಡಿಗೆ ಬಳಸುವ ಉಪ್ಪುಪ್ಪು ಕೋಕಂ ರಸ, ಅಂದರೆ ಆಗಳ್, ಬೇರೆ, ಸಿರಪ್ ಬೇರೆ.

ಮನೆಯಲ್ಲಿ ಮೊಹಿಟೊ, ಅದೇ ರಮ್, ಪುದೀನ, ನಿಂಬೆಯ ಕಾಕ್‌ಟೇಲ್, ಮಾಡಿದರೆ ಕಹಿ ಬರುತ್ತದೆ. ಬಾರಿನಲ್ಲಿ ಹಾಗಾಗುವುದಿಲ್ಲ. ಡಾರ್ಕ್ ರಮ್ ಹಾಕಿದ್ದಕ್ಕಾ? – ಓದುಗರು, ಕೋತ್ರೂಡ್, ಪುಣೆ

ರಮ್ಮಿನ ತಪ್ಪಲ್ಲ. ನೀವು ಪುದೀನವನ್ನು ಚಟ್ನಿಗೆ ಅರೆದ ಹಾಗೆ ಅರೆಯುತ್ತಿದ್ದೀರಿ ಅಂತ ನನ್ನ ಅನುಮಾನ. ಎಲೆ ಹರಿದು ನುಜ್ಜುಗುಜ್ಜಾದರೆ ಕಹಿ ಬಿಡುತ್ತದೆ. ಸಕ್ಕರೆ, ನಿಂಬೆರಸದ ಜೊತೆ ಚಮಚದ ಹಿಂಬದಿಯಿಂದ ಸುಮ್ನೆ ಒತ್ತಿ, ಘಮ ಬಂದರೆ ನಿಲ್ಲಿಸಿ. ನಿಂಬೆಯನ್ನು ಸಿಪ್ಪೆ ಸಮೇತ ಕುಟ್ಟಿದರೂ ಕಹಿಯೇ. ಡಾರ್ಕ್ ರಮ್ ಹಾಕಬಾರದು ಅಂತೇನಿಲ್ಲ, ಆದರೆ ಅದರ ಮುಂದೆ ಪುದೀನದ ಸದ್ದೇ ಇರುವುದಿಲ್ಲ. ಆ ರಮ್ಮನ್ನು ಜಿಂಜರ್ ಏಲ್ (ಶುಂಠಿ ರುಚಿಯ ಸಿಹಿ ಸೋಡಾ), ನಿಂಬೆ ಜೊತೆ ಕುಡಿಯಿರಿ.

ನನಗೆ 23. ಬಾರಿನಲ್ಲಿ ರಮ್ ಕಾಕ್‌ಟೇಲ್ ಕೇಳಿದರೆ ಬೀರ್ ಬೇಕಾದರೆ ಕೊಡುತ್ತೇವೆ ಅಂದರು. ಇದು ಯಾವ ನ್ಯಾಯ? – ಓದುಗರು, ಅಂಧೇರಿ

ಮಹಾರಾಷ್ಟ್ರದ ನ್ಯಾಯ. ಬೀರಿಗೆ 21, ರಮ್, ವಿಸ್ಕಿಗೆಲ್ಲ 25. ಕಾನೂನಿನ ಪ್ರಕಾರ ಕುಡಿಯುವುದಕ್ಕೆ ಪರ್ಮಿಟ್ಟೂ ಬೇಕು. ಎಷ್ಟು ಜನ ತೆಗೆಸುತ್ತಾರೆ ಅಂತ ಕೇಳಬೇಡಿ. ಇನ್ನೆರಡು ವರ್ಷ ಕಾಯಬೇಕು ಸಾರ್. ಅಲ್ಲಿಯವರೆಗೆ ರಮ್ಮಿಲ್ಲದ ಕೋಕಂ ಸೋಡಾ.

ಮಡಗಾಂವ್‌ನಲ್ಲಿದ್ದೇನೆ. ಇಲ್ಲಿ ಎಲ್ಲರೂ ಉರಾಕ್ ಉರಾಕ್ ಅನ್ನುತ್ತಾರೆ. ರಮ್ ಬದಲು ಅದನ್ನು ಹಾಕಬಹುದಾ? ಮುಂಬೈಯ ಭಾವನಿಗೆ ಇಲ್ಲಿಂದ ನಾಲ್ಕು ಬಾಟಲಿ ರಮ್ ಒಯ್ಯಬಹುದಾ? – ಓದುಗರು, ಗೋವಾ

ಎರಡೂ ಬೇರೆ ಜಾತಿ. ಉರಾಕ್ ಅಂದರೆ ಗೇರುಹಣ್ಣಿನ ರಸ ಹುಳಿಸಿ ಮೊದಲ ಸಲ ಬಟ್ಟಿ ಇಳಿಸಿದ್ದು. ಮತ್ತೆ ಇಳಿಸಿದರೆ ಫೆನಿ. ಉರಾಕ್ ರಮ್ಮಿಗಿಂತ ಎಷ್ಟೋ ಮೆದು, ಹಾಗಾಗಿ ರಮ್ಮಿನ ಅಳತೆ ಅದಕ್ಕೆ ಸರಿಹೋಗುವುದಿಲ್ಲ. ಅಲ್ಲಿನವರು ಮಾಡುವಂತೆ ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕುಡಿಯಿರಿ, ಅದೂ ಬೇಸಿಗೆಯಲ್ಲಿ. ಈಗ ಮಳೆಗಾಲದಲ್ಲಿ ತಾಜಾ ಉರಾಕ್ ಅಂತ ಯಾರಾದರೂ ಕೊಟ್ಟರೆ ಸ್ವಲ್ಪ ಅನುಮಾನ ಇರಲಿ.

ಬಾಟಲಿ ಒಯ್ಯುವುದು ಬೇಡ. ಗೋವಾದಲ್ಲಿ ತೆರಿಗೆ ಕಡಿಮೆ, ಅದಕ್ಕೇ ಅಗ್ಗ. ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ಮಹಾರಾಷ್ಟ್ರದಲ್ಲಿ ಅಬಕಾರಿ ಕೇಸು, ಗಡಿಯ ಹತ್ತಿರದ ಬಾಂದಾ ಊರು ದಾಟಿದ ಮೇಲೆ ಇನ್ಸುಲಿ ಚೆಕ್‌ಪೋಸ್ಟಿನಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ. ಭಾವನನ್ನೇ ಗೋವಾಕ್ಕೆ ಕರೆಸಿಕೊಳ್ಳಿ.