ಲೈಟ್ ಆರಿಸಬೇಡ ಅಂತಾನೆ, ಮುಂದಿನ ಭಾಗ ಯಾವಾಗ ಅಂತಲೂ ಕೇಳ್ತಾನೆ

ಓದುಗರ ಪತ್ರ: ಕಳೆದ ಸಂಚಿಕೆಯ ಪಾಳುಮನೆ ಕಥೆಯನ್ನು ನನ್ನ ಒಂಬತ್ತು ವರ್ಷದ ಮಗ ಓದಿದ. ಅವತ್ತಿನಿಂದ ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ. ಆದರೂ ಮುಂದಿನ ಭಾಗ ಯಾವಾಗ ಅಂತ ದಿನಾ ಕೇಳುತ್ತಾನೆ. ಪಕ್ಕದಲ್ಲಿ ಕೂತಿದ್ದ ಐದು ವರ್ಷದ ಮಗಳು ಈಗ ಬಚ್ಚಲಿಗೂ ಒಬ್ಬಳೇ ಹೋಗುವುದಿಲ್ಲ. ಮಕ್ಕಳ ಪತ್ರಿಕೆಗೆ ಇಂಥ ಕಥೆ ಯಾಕೆ? ದಯವಿಟ್ಟು ನಿಲ್ಲಿಸಿ.

ಸಂಪಾದಕರ ಉತ್ತರ:

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಕಥೆ ನಿಲ್ಲಿಸುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಇಬ್ಬರು ಮಕ್ಕಳಿದ್ದಾರೆ. ಇಬ್ಬರ ಭಯವೂ ಒಂದೇ ಅಲ್ಲ.

ಮಗ ಹೆದರಿದ್ದಾನೆ, ನಿಜ. ಆದರೆ ಓದುವಾಗ ಲಗಾಮು ಅವನ ಕೈಯಲ್ಲೇ ಇರುತ್ತದೆ. ಸಾಕು ಅನ್ನಿಸಿದರೆ ಮುಚ್ಚಿಡಬಹುದು, ಎರಡು ಪುಟ ಹಾರಿಸಬಹುದು, ಕೊನೆಯ ಪುಟ ಕದ್ದು ನೋಡಿ ಕಥೆಯ ಹುಡುಗ ಬದುಕಿದ್ದಾನೆ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಹಿಂದಕ್ಕೆ ಬರಬಹುದು. ಹಗಲಲ್ಲಿ, ಎಲ್ಲರೂ ಓಡಾಡುವ ಕಡೆಯೇ ಕೂತು ಓದುವ ಮಕ್ಕಳಿದ್ದಾರೆ. ಮಲಗುವ ಮುಂಚೆ ಪುಸ್ತಕವನ್ನು ಬೋರಲು ಹಾಕಿ, ಮೇಲೆ ಇನ್ನೊಂದು ಪುಸ್ತಕ ಹೇರುವವರೂ ಇದ್ದಾರೆ. ಇದು ಪುಕ್ಕಲುತನವಲ್ಲ. ತನಗೆ ಎಷ್ಟು ಭಯ ತಡೆಯುತ್ತದೆ ಅಂತ ಮಗು ತಾನೇ ಅಳೆದು ನೋಡುತ್ತಿದೆ. ಲೈಟ್ ಹಾಕಿಸಿಕೊಳ್ಳುವುದೂ ಅದರದೇ ಭಾಗ. ಸುಮ್ನೆ ಉರಿಯಲಿ ಬಿಡಿ.

ನಮಗೆ ಬರುವ ಮಕ್ಕಳ ಪತ್ರಗಳ ಧಾಟಿಯೂ ಇದೇ. ‘ತುಂಬಾ ಹೆದರಿಕೆ ಆಯ್ತು, ಇನ್ನೊಂದು ಹಾಕಿ’ ಅಂತ ಒಂದೇ ಉಸಿರಿಗೆ ಬರೆಯುತ್ತಾರೆ. ಅವರಿಗೆ ಸಿಟ್ಟು ಬರುವುದು ‘ಅದೆಲ್ಲ ಬರೀ ಕನಸಾಗಿತ್ತು’ ಅಂತ ಕಥೆ ಮುಗಿದಾಗ. ಅದನ್ನು ಮೋಸ ಅಂತಲೇ ಕರೆಯುತ್ತಾರೆ. ಸರಿಯಾಗೇ ಹೇಳುತ್ತಾರೆ, ಅಲ್ವಾ?

ಮಗಳ ವಿಷಯ ಬೇರೆ. ಆ ಕಥೆ ಅವಳ ವಯಸ್ಸಿಗೆ ಬರೆದದ್ದೇ ಅಲ್ಲ. ಮಕ್ಕಳ ಭಯದ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ಅಮೆರಿಕದ ಜೋಆನ್ ಕ್ಯಾಂಟರ್ ಒಂದು ವ್ಯತ್ಯಾಸ ಗುರುತಿಸಿದ್ದಾರೆ. ತೀರಾ ಚಿಕ್ಕ ಮಕ್ಕಳು ಜಾಸ್ತಿ ಹೆದರುವುದು ನೋಡಲು ವಿಕಾರವಾಗಿರುವುದಕ್ಕೆ. ದೊಡ್ಡವರಾಗುತ್ತಾ ಬಂದಂತೆ, ನಿಜವಾಗಿ ನಡೆದುಬಿಡಬಹುದು ಅನ್ನಿಸುವುದಕ್ಕೆ ಹೆದರುತ್ತಾರೆ. ಹಾಗಾಗಿ ನಿಮ್ಮ ಮಗಳಿಗೆ ಕಥೆಗಿಂತ ಅದರ ಪಕ್ಕದ ಚಿತ್ರವೇ ತಲೆಯಲ್ಲಿ ಕೂತಿರಬಹುದು. ‘ದೆವ್ವ ಅಂತ ಏನೂ ಇಲ್ಲ’ ಅಂದರೆ ಅವಳಿಗೆ ಅಷ್ಟೇನೂ ಸಮಾಧಾನ ಆಗುವುದಿಲ್ಲ. ಜೊತೆಗೆ ಹೋಗಿ, ಕೈ ಹಿಡಿದುಕೊಳ್ಳಿ, ಪಕ್ಕದಲ್ಲೇ ಮಲಗಿಸಿಕೊಳ್ಳಿ. ಮಾತಿನ ಸಮಾಧಾನ ಕೆಲಸ ಮಾಡುವುದು ಅಣ್ಣನ ವಯಸ್ಸಿಗೆ.

ಚಿತ್ರದ ಮಾತು ಬಂತು ಅಂತ ಹೇಳುತ್ತೇನೆ. ಅಮೆರಿಕದಲ್ಲಿ 1981ರಲ್ಲಿ ಮಕ್ಕಳಿಗಾಗಿ ‘ಸ್ಕೇರಿ ಸ್ಟೋರೀಸ್ ಟು ಟೆಲ್ ಇನ್ ದ ಡಾರ್ಕ್’ (ಕತ್ತಲಲ್ಲಿ ಹೇಳುವ ಭಯದ ಕಥೆಗಳು) ಅನ್ನುವ ಪುಸ್ತಕ ಬಂತು, ಮುಂದೆ ಅದೇ ಸರಣಿಯಾಯಿತು. 1990ರ ದಶಕದಲ್ಲಿ ಅಲ್ಲಿನ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ್ದು ಈ ಸರಣಿಯೇ. ಕಥೆಗಳಿಗಿಂತ ಅದರ ಚಿತ್ರಗಳೇ ಜನರಿಗೆ ನೆನಪಲ್ಲಿ ಉಳಿದವು. 2011ರಲ್ಲಿ ಪ್ರಕಾಶಕರು ಅವನ್ನು ತೆಗೆದು ಮೆದುವಾದ ಚಿತ್ರ ಹಾಕಿದರು. ಆಗ ಗಲಾಟೆ ಮಾಡಿದವರು ಯಾರು ಗೊತ್ತಾ? ಅದನ್ನೇ ಓದಿ ಹೆದರಿ ಬೆಳೆದವರು! 2017ರಲ್ಲಿ ಹಳೇ ಚಿತ್ರಗಳು ವಾಪಸ್ ಬಂದವು.

ಹಾಗಂತ ಎಲ್ಲ ಭಯವೂ ಒಳ್ಳೆಯದು ಅಂತ ನಾನು ವಾದಿಸುತ್ತಿಲ್ಲ. ಮಗ ಮುಂದಿನ ಭಾಗ ಕೇಳುವುದನ್ನೇ ಬಿಟ್ಟರೆ, ಪುಸ್ತಕ ಕಂಡರೇ ದೂರ ಸರಿದರೆ, ಹಗಲಲ್ಲೂ ಅದೇ ಯೋಚನೆಯಲ್ಲಿದ್ದರೆ ಓದು ನಿಲ್ಲಿಸಿ. ವಾರಗಳು ಕಳೆದರೂ ನಿದ್ದೆ ಸರಿಯಾಗದಿದ್ದರೆ ಮಕ್ಕಳ ವೈದ್ಯರ ಹತ್ತಿರ ಮಾತಾಡಿ. ‘ಇಷ್ಟಕ್ಕೆಲ್ಲ ಹೆದರ್ತೀಯಾ’ ಅಂತ ಮಾತ್ರ ಯಾರೂ ಛೇಡಿಸಬಾರದು. ಛೇಡಿಸಿದರೆ ಭಯ ಹೋಗುವುದಿಲ್ಲ, ಹೇಳಿಕೊಳ್ಳುವುದು ನಿಲ್ಲುತ್ತದೆ.

ಪಾಳುಮನೆಯ ಎರಡನೇ ಭಾಗ ಮುಂದಿನ ಸಂಚಿಕೆಯಲ್ಲಿದೆ. ಅದನ್ನು ಕೊನೆಯ ಪುಟಗಳಲ್ಲಿ ಹಾಕುತ್ತಿದ್ದೇವೆ, ಚಿಕ್ಕವರ ಕಥೆಗಳು ಮುಂದಿರುತ್ತವೆ. ಮೊದಲು ನೀವೇ ಓದಿ. ಆಮೇಲೆ ಮಗನಿಗೆ ಕೊಡಿ, ತಂಗಿ ಪಕ್ಕದಲ್ಲಿ ಇಲ್ಲದಿರುವಾಗ.